ಅಮಾಸಿಗೊಮ್ಮೆ ಎದ್ದ ಹೊಗಿ

ಸುಜಾತಾನ ಅವ್ವಗ,

ಮದುವಿಯಾದ ಹೊಸದರಾಗ ನಿನ್ನ ಹೆಸರು ಹಿಡಿದು ಕರೀಲಿಕ್ಕೆ ನಾಚಿಗಿ ಆಗ್ತಿತ್ತು, ಆಮ್ಯಾಲ ಮಗಳು ಹುಟ್ಟಿ ನನ್ನ ಕಷ್ಟ ತಪ್ಪಿಸಿದಳು. ಅದಕ್ಕ ಕಾಗದದ ಮ್ಯಾಲೂ ಹಿಂಗ ಕರದೀನಿ. ಆರಾಮ ಇದ್ದೀನಿ ಅಂತ ಬರೀಲೇನು? ಮೂರು ದಿನದಿಂದ ಕುಂತಲ್ಲಿ ಕುಂದ್ರವಲ್ಲೆ. ಒಲಿ ಮ್ಯಾಲ ಚಾ ಇಟ್ಟು ಅಂಗಳಕ್ಕ ಹೋಗ್ತೀನಿ, ನಿನ್ನ ಗಾಡಿ ನೋಡ್ತೀನಿ, ಒಳಗ ಬರೋದ್ರಾಗ ಚಾ ಉಕ್ಕಿ ಹೋಗಿರ್ತದ. ಕಾಲೇಜಿನ್ಯಾಗ ನಮ್ಮ ಇಂಗ್ಲಿಷ್ ಮಾಸ್ತರು ಎಲ್ಲಾ ಪ್ರಶ್ನಿ ಕೆಳಗ ‘ಗಿವ್ ರೀಸನ್ಸ್ ಫಾರ್ ಯುವರ್ ಆನ್ಸರ್’ ಅಂತ ಬರೀತಿದ್ದರು. ನಾ ಆನ್ಸರ್ ಬರದು, ರೀಸನ್ಸಿಗೆ ಜಾಗ ಖಾಲಿ ಬಿಟ್ಟು, ಪೇಪರ್ ಕೊಟ್ಟು ಎದ್ದು ಬರ್ತಿದ್ದೆ. ಇವತ್ತು ಆ ಖಾಲಿ ಜಾಗ ತುಂಬಸಾಕ ಕುಂತೀನಿ.

ಆ ಡಿಸೆಂಬರ್ ಮುಂಜಾನಿ ನೆನಪದ ಏನು ನಿನಗ? ದೇವದುರ್ಗದ ಬಾಡಿಗಿ ಮನಿಯಿಂದ ಎದಿ ಹಿಡಕೊಂಡು ಹೊರಗ ಬಂದಿ. ನಿತ್ಯ ಪಾಠ ಹೇಳಾಕ ಸಾಲಿಗೆ ಗಾಡಿ ಹೊಡಕೊಂಡು ಹೋಗಾಕಿ ನೀನು, ನಾ ಎಡಕ್ಕ ಕುಂದ್ರಾಂವ. ಅವತ್ತು ಕೀಲಿ ನನ್ನ ಕೈಯಾಗ ಇಟ್ಟು ಹಿಂದಿನ ಸೀಟಿನ್ಯಾಗ ಮಲಗಿದಿ. ರಾಯಚೂರಿನ ದವಾಖಾನಿಗೆ ಹೊಂಟ್ವಿ. ಊರು ದಾಟಿದ್ವೋ ಇಲ್ಲೋ, ಕನ್ನಡಿಯೊಳಗ ನೋಡ್ತೀನಿ, ಬೆನ್ನ ಹಿಂದ ಬೆಳ್ಳಗ ಹೊಗಿ. ಎಂಜಿನ್ ಸುಟ್ಟು ನಡುದಾರಿಯೊಳಗ ಕೈ ಕೊಟ್ಟರ? ಒಂದು ಸಿಡಿ ಹತ್ರ ನಿಂದ್ರಿಸಿದೆ, ಅಂದ್ರ ಹಳ್ಳದ ಸಣ್ಣ ಸೇತುವಿ. ಬಾನೆಟ್ ಎತ್ತಿ ಏನೂ ತಿಳೀದ ನಿಂತೆ. ‘ಯಾಕ ನಿಂದ್ರಿಸಿದ್ರಿ?’ ಅಂದಿ. ‘ಕುರಿ ಅಡ್ಡ ಬಂದಾವ’ ಅಂದೆ. ಕುರಿ ಇರಲಿಲ್ಲ, ಸುಜಾತಾನ ಅವ್ವಾ. ಒಂದೂ ಇರಲಿಲ್ಲ.

ದವಾಖಾನಿಯೊಳಗ ಡಾಕ್ಟರು ‘ಇನ್ನೊಂದೀಟು ಮೊದಲ ಬಂದಿದ್ರ...’ ಅಂದು ಮಾತು ಅಲ್ಲಿಗೇ ಬಿಟ್ಟರು. ಮಗಳು ಅಳಕೋತ ಯಾಕ ತಡ ಆತಪ್ಪಾ ಅಂದಾಗ ಅಕಿಗೂ ಕುರಿ ಸುದ್ದಿನೇ ಹೇಳಿದೆ. ಅವತ್ತಿನಿಂದ ದಾರ್ಯಾಗ ಕುರಿ ಹಿಂಡು ಕಂಡರ ಅಕಿ ಆ ಕುರುಬರಿಗೆ ಬಾಯಿಗೆ ಬಂದಂಗ ಬೈತಾಳ. ಏನೂ ಪಾಪ ಅರಿಯದ ಮಂದಿಗೆ! ನಾ ಮಾತ್ರ ಒಂದೇ ಮಾತು ಹಿಡಕೊಂಡು ಬದುಕಿದೆ: ಆ ಹೊಗಿ ಖರೇನ ಎಂಜಿನ್ ಕೆಟ್ಟ ಹೊಗಿ ಆಗಿದ್ರ, ನಾ ನಿಂದ್ರಿಸಿದ್ದು ಬರೋಬರಿ. ಸುಮ್ಮನ ಬಂದ ಹೊಗಿ ಆಗಿದ್ರ...

ಅಮಾಸಿ ದಿನ ನೀ ಗಾಡಿ ತೊಳದು, ಕುಂಕುಮ ಹಚ್ಚಿ, ಗಾಲಿ ಕೆಳಗ ನಿಂಬಿಹಣ್ಣು ಇಟ್ಟು, ಅದರ ಮ್ಯಾಲೇ ಹಾಯಿಸಿಕೊಂಡು ಹೋಗ್ತಿದ್ದಿ. ನೀ ಹೋದ ಮ್ಯಾಲ ನಾ ದೇವದುರ್ಗ ಬಿಟ್ಟು ನಮ್ಮ ರಾಯಚೂರಿನ ಮನಿಗೆ ಬಂದೆ. ದವಾಖಾನಿ ಮುಂದ ನಿಂತಿದ್ದ ಗಾಡಿನ ನಿನ್ನ ತಮ್ಮ ತಂದು ಅಂಗಳದಾಗ ಬಿಟ್ಟ, ಮತ್ತ ಅದು ಗೇಟು ದಾಟಲಿಲ್ಲ. ಸ್ಟೇರಿಂಗ್ ಹಿಡಿಯೋ ಧೈರ್ಯ ನನಗ ಆಗಲಿಲ್ಲ. ಆದ್ರ ಅಮಾಸಿ ಬಿಡಲಿಲ್ಲ. ತಾಡಪತ್ರಿ ಸರಿಸಿ, ನಿಂಬಿಹಣ್ಣು ಇಟ್ಟು, ಚಾಲೂ ಮಾಡಿ ಹಿಂದ ಹೋಗಿ ನಿಂದ್ರತಿದ್ದೆ. ಬಿಳಿ ಹೊಗಿ ಬರ್ತಿತ್ತು. ‘ಅದ ನೋಡು, ಇನ್ನೂ ಅದ’ ಅಂತಿದ್ದೆ. ಎರಡು ಮಿನಿಟಿಗೆ ಬಂದ್ ಮಾಡ್ತಿದ್ದೆ. ಒಡೀದ ನಿಂಬಿಹಣ್ಣು ತಗೊಂಡು ಗಿಡದ ಬುಡಕ್ಕ ಒಗದು ಒಳಗ ಬರ್ತಿದ್ದೆ. ಅವತ್ತೊಂದಿನ ರೊಟ್ಟಿ ರುಚಿ ಹತ್ತತಿತ್ತು ನನಗ. ಮೂರು ವರ್ಷ ಹಿಂಗ.

ಹೋದ ತಿಂಗಳು ಸುಜಾತಾ ಸಿಂಧನೂರಿನಿಂದ ಬಂದಾಗ ಸೀಟಿನ ಕೆಳಗ ಇಲಿ ಮನಿ ಮಾಡಿದ್ದು ನೋಡಿದಳು. ‘ಅಪ್ಪಾ, ಓಡಿಸ್ತಿ ಇಲ್ಲ ಗುಜರಿಗೆ ಹಾಕ್ತಿ, ಎರಡರಾಗ ಒಂದು ಹೇಳು’ ಅಂದಳು. ಓಣಿ ಗ್ಯಾರೇಜಿನವನ್ನ ಕರಸಿದೆ. ಅಂವ ಎಂಜಿನ್ ಎಣ್ಣಿ ಮುಚ್ಚಳ ತಗದು ತೋರಿಸಿದ, ಒಳಗ ಬೆಣ್ಣಿ ಹಚ್ಚಿದಂಗ ಬೆಳ್ಳಗ. ‘ಹೆಡ್ ಗ್ಯಾಸ್ಕೆಟ್ ಹೋಗ್ಯದರೀ ಯಜಮಾನ್ರ. ನೀರು ಎಣ್ಣಿ ಬ್ಯಾರೆ ಇಡೋ ಪಟ್ಟಿ ಅದು, ಈಗ ಎರಡೂ ಕೂಡ್ಯಾವ. ಬಾಳ ದಿನದ್ದಿರಬೇಕು.’ ‘ಬಾಳ ದಿನ ಅಂದ್ರ ಮೂರು ವರ್ಷ ಆಗಿರಬಹುದೇನು?’ ‘ಆಗಿರಬಹುದ್ರಿ.’ ಅಂವನ್ನ ಹಿಡಿದು ಅಪ್ಪಿಕೊಳ್ಳಬೇಕು ಅನಿಸ್ತು. ಗಾಡಿ ಕೆಟ್ಟದಂತ ಇಷ್ಟು ಖುಷಿಪಟ್ಟ ಮನಷ್ಯಾನ್ನ ಅಂವ ಕಂಡಿರಲಿಕ್ಕಿಲ್ಲ.

ಅಲ್ಲಿಗೇ ಸುಮ್ಮನಿದ್ರ ಆಗ್ತಿತ್ತು. ಆದ್ರ ನಿನ್ನ ಗಾಡಿ ಕಾಯಂ ರಿಪೇರಿ ಮಾಡ್ತಿದ್ದ ಮಾನ್ವಿಯ ಖಾಜಾ ಭಾಯಿಗೆ ಒಂದು ಮಾತು ಹೇಳದ ಹೆಂಗ ಗುಜರಿಗೆ ಹಾಕಲಿ ಅಂತ ಫೋನ್ ಹಚ್ಚಿದೆ. ‘ಮೇಡಂ ಗಾಡಿ ಗುಜರಿಗೆ? ಪೆಹಲೆ ನನಗ ತೋರಸ್ರಿ ಸಾಬ್, ಆಮ್ಯಾಲ ಹೂಳ್ರಿ’ ಅಂದ. ಐತವಾರ ಮುಂಜಾನಿ ಮೊದಲ ಬಸ್ಸಿಗೇ ಬಂದ, ಚೀಲ ಹೆಗಲಿಗೆ ಹಾಕ್ಕೊಂಡು. ಗಡ್ಡ ಪೂರಾ ಬೆಳ್ಳಗ ಆಗ್ಯದ ಅಂವಂದು, ನೀ ನೋಡಿದ್ರ ನಗ್ತಿದ್ದಿ.

ಗಾಡಿ ಚಾಲೂ ಮಾಡಿದ ಕೂಡಲೆ ಒಂದು ಉಸಿರು ನೀಲಿ ಹೊಗಿ ಬಂತು, ಆಮ್ಯಾಲ ಬಿಳಿ. ‘ನೀಲಿ ಅಂದ್ರ ಎಣ್ಣಿ ಸಾಬ್. ನಿಂತು ನಿಂತು ಒಳಗಿನ ರಬ್ಬರ್ ಸೀಲ್ ಒಣಗ್ಯಾವ. ನಮ್ಮ ನಿಮ್ಮ ಕೆಮ್ಮಿದ್ದಂಗ, ಬಿಡ್ರಿ. ಕರಿ ಬಂದಿದ್ರ ಪೆಟ್ರೋಲ್ ಹೆಚ್ಚು ಉಣ್ಣಾಕತ್ತದ ಅಂತಿದ್ದೆ. ಬಿಳಿ ಅಂದ್ರ ನೀರು. ಯಾವ ನೀರು ಅನ್ನೋದೇ ಸವಾಲು.’ ಪೈಪಿನ ಬಾಯಿಗೆ ಬಿಳಿ ಕರವಸ್ತ್ರ ಹಿಡದು ಮೂಸಿ ನೋಡಿದ. ‘ರೇಡಿಯೇಟರ್ ನೀರಾದ್ರ ಸಿಹಿ ವಾಸನಿ ಹೊಡೀತದ. ಇಲ್ಲ.’ ಎಣ್ಣಿ ಅಳಿಯೋ ಕಡ್ಡಿ ಎಳದು ನೋಡಿದ, ತಳದ ಎಣ್ಣಿ ನೀರು ಕೂಡದ ಕರ್ರಗ, ಬೆಣ್ಣಿ ಬರೇ ಮುಚ್ಚಳಕ್ಕ. ಆಮ್ಯಾಲ ನನ್ನ ಕಡೆ ತಿರುಗಿ, ‘ಇಷ್ಟು ದಿನ ಗಾಡಿ ಹೆಂಗ ಇಟ್ಟಿದ್ರಿ?’ ಅಂದ.

‘ಅಮಾಸಿಗೊಮ್ಮೆ ಚಾಲೂ ಮಾಡ್ತಿದ್ದೆ. ಎರಡು ಮಿನಿಟ್.’

‘ಯಾ ಅಲ್ಲಾ!’ ಹಣಿ ಬಡಕೊಂಡ. ‘ಊಟಕ್ಕ ಕರದು, ತುತ್ತು ಬಾಯಿಗಿಡೋದ್ರಾಗ ಎಬ್ಬಿಸಿ ಕಳಿಸಿದಂಗ ಆತಲ್ಲ ಸಾಬ್! ಎಂಜಿನ್ ಪೂರಾ ಕಾದ್ರ ಒಳಗಿನ ಪಸಿ ಆವಿಯಾಗಿ ಹೋಗ್ತದ. ನೀವು ಕಾಯಾಕೇ ಬಿಟ್ಟಿಲ್ಲ. ತಿಂಗಳಾ ತಿಂಗಳಾ ಒಂದೀಟು ನೀರು ನೀವೇ ಒಳಗ ಕೂಡಿಸೀರಿ. ಎರಡು ಮಿನಿಟ್ ನಡಸಿದ್ರ ಹೊಸಾ ಗಾಡಿನೂ ಬಿಳಿ ಹೊಗಿನೇ ಬಿಡೋದು.’

ಕಂಡೆನ್ಸೇಷನ್, ಆವಿ ತಣ್ಣಗಾಗಿ ನೀರಾಗೋದು. ಪಿಯುಸಿಯೊಳಗ ಓದಿದ್ದೆ, ಎವಾಪೊರೇಷನ್ನಿಗೆ ಅಣ್ಣನೋ ತಮ್ಮನೋ ಅಂತ ನೆನಪಿಲ್ಲ. ಗೊತ್ತಾತೇನು ನಿನಗ? ಇಷ್ಟು ದಿನ ನಾ ಸಾಕ್ಷಿ ಅಂತ ನೋಡ್ಕೋತ ನಿಂತಿದ್ದ ಹೊಗಿನ ನಾನೇ ಹುಟ್ಟಿಸ್ತಿದ್ದೆ. ‘ಇಲ್ಲ ಖಾಜಾ ಭಾಯಿ, ಗ್ಯಾಸ್ಕೆಟ್ಟೇ ಇರಬೇಕು, ಸರಿಯಾಗಿ ನೋಡ್ರಿ’ ಅಂತ ಜಗಳಕ್ಕ ನಿಂತೆ. ‘ಏನ್ ಸಾಬ್, ಮಂದಿ ಗ್ಯಾಸ್ಕೆಟ್ ಹೋಗಿರಬಾರದು ಅಂತ ದುವಾ ಮಾಡ್ತಾರ, ನೀವು ಹೋಗಿರಲಿ ಅಂತೀರಿ! ಆತು, ಒಂದು ತಾಸು ಓಡಸೋಣ. ಗ್ಯಾಸ್ಕೆಟ್ ಹೋಗಿದ್ರ ನೀರು ಇಳೀತದ, ಹೊಗಿ ಹೆಚ್ಚಾಗ್ತದ. ಇಲ್ಲಾಂದ್ರ ಹೊಗಿ ತಾನ ಬಂದ್.’ ಹಳೇ ಪೆಟ್ರೋಲ್ ತಗದ, ಹೊಸ ಎಣ್ಣಿ ಹಾಕಿದ, ಗಾಲಿ, ಬ್ರೇಕು ಎಲ್ಲಾ ನೋಡಿದ. ನೀರಿನ ಡಬ್ಬಿ ಮ್ಯಾಲ ಸುಣ್ಣದ ಕಡ್ಡಿಲೆ ಗೀಟು ಹೊಡದ. ಕೀಲಿ ನನ್ನ ಕೈಯಾಗಿಟ್ಟು, ‘ಮಾನ್ವಿತನಕ ನನ್ನ ಬಿಟ್ಟು ಬರ್ರಿ’ ಅಂತ ಎಡಕ್ಕ ಕುಂತೇಬಿಟ್ಟ.

ಕಲ್ಲೂರು ದಾಟೋತನಕ ನನ್ನ ಕಣ್ಣು ಮುಂದಿನ ರಸ್ತಾಕ್ಕಿಂತ ಕನ್ನಡಿಯೊಳಗೇ ಇತ್ತು. ‘ಸಾಬ್, ಎದುರಿಗೆ ಲಾರಿ ಅದ, ಹಿಂದ ಏನೂ ಇಲ್ಲ’ ಅಂತ ಖಾಜಾ ಭಾಯಿ ಎರಡು ಸಲ ಬೈದ. ಹೊಗಿ ತೆಳ್ಳಗಾತು, ಇನ್ನೂ ತೆಳ್ಳಗಾತು. ನೀರಮಾನ್ವಿ ಹತ್ರ ಇಳಿದು ಪೈಪಿನ ಹಿಂದ ಕೈ ಹಿಡದೆ. ಬರೇ ಬಿಸಿ ಗಾಳಿ. ಮಾನ್ವಿಯೊಳಗ ಅಂವನ ಮನಿ ಮುಂದ ಎಂಜಿನ್ ಆರಿದ ಮ್ಯಾಲ ಡಬ್ಬಿ ನೋಡಿದ್ವಿ. ನೀರು ಗೀಟಿಗೆ ಬರೋಬರಿ ನಿಂತಿತ್ತು.

ಅಲ್ಲಿ ಅಂವನ ಕಟ್ಟಿ ಮ್ಯಾಲ ಕುಂತು ಎಲ್ಲಾ ಹೇಳಿದೆ, ಸಿಡಿ, ಬಾನೆಟ್, ಕುರಿ. ಖಾಜಾ ಭಾಯಿ ತೊಳಕೊಂಡಿದ್ದ ಕೈಯನ್ನೇ ಮತ್ತ ಮತ್ತ ಒರಸಿಕೊಂಡ. ‘ಚಳಿಗಾಲದ ಮುಂಜಾನಿ ಎಲ್ಲಾ ಗಾಡಿ ಹೊಗಿ ಬಿಡ್ತಾವ ಸಾಬ್. ಅವತ್ತು ಗ್ಯಾಸ್ಕೆಟ್ ಹೋಗಿದ್ರ ಇವತ್ತು ತಾನಾಗೇ ಕೂಡ್ತದೇನು?’ ಒರಸೋ ಅರಿವಿ ಬದಿಗಿಟ್ಟು, ‘ಸುಳ್ಳು ಹೇಳಲೇನು? ಬೇಕಂದ್ರ ಹೇಳ್ತೀನಿ’ ಅಂದ. ಬ್ಯಾಡ ಅಂದೆ. ‘ಹಂಗಾದ್ರ ಉಂಡು ಹೋಗ್ರಿ.’ ಉಂಡೆ. ಅಂವನ ಹೆಂಡತಿ ನಿನ್ನ ಹೆಸರು ಹಿಡದು ಮಾತಾಡಿಸಿದಳು. ಏನು ಉಂಡೆ ಅಂತ ನೆನಪಿಲ್ಲ.

ಮಾನ್ವಿಯಿಂದ ರಾಯಚೂರಿಗೆ ತಿರುಗಬೇಕಾಗಿದ್ದ ಗಾಡಿ ದೇವದುರ್ಗಕ್ಕ ಹೊಂಟಿತು. ಅಲ್ಲಿಂದ ಅವತ್ತಿನ ಅದೇ ರಾಯಚೂರಿನ ದಾರಿ ಹಿಡದೆ. ರಸ್ತಾ ಅಗಲ ಮಾಡ್ಯಾರ, ಆದ್ರೂ ಸಿಡಿ ಗುರ್ತು ಹತ್ತಿತು. ಎಂಜಿನ್ ಬಂದ್ ಮಾಡಿ ಗಡಿಯಾರ ನೋಡ್ಕೋತ ನಿಂತೆ. ಅವತ್ತು ನಿಂತಿದ್ದು ಹತ್ತು ಮಿನಿಟ್, ಹತ್ತೇ ಮಿನಿಟ್ ಅಂತ ನಾ ಯಾವಾಗಲೂ ನನಗ ನಾನೇ ಹೇಳಿಕೋತಿದ್ದೆ. ಹತ್ತು ಮಿನಿಟ್ ಎಷ್ಟು ಉದ್ದ ಅದ ಗೊತ್ತೇನು? ಎರಡು ಬಸ್ಸು ದಾಟಿದವು. ಹತ್ತಿ ಹೇರಿದ ಟ್ರ್ಯಾಕ್ಟರ್ ದೂರದಿಂದ ಬಂದು, ದಾಟಿ, ಕಣ್ಣಿಗೆ ಕಾಣದಂಗ ಹೋತು. ಇನ್ನೂ ಹತ್ತು ಆಗಿರಲಿಲ್ಲ. ಹಿಂದಿನ ಸೀಟಿನ್ಯಾಗ ನೀ ಹೆಂಗ ಮಲಗಿದ್ದಿ? ಮತ್ತೊಮ್ಮೆ ಯಾಕ ಕೇಳಲಿಲ್ಲ ನನ್ನ?

ಅಲ್ಲಿಂದಲೇ ಸುಜಾತಾಗ ಫೋನ್ ಮಾಡಿ ಹೇಳಿಬಿಟ್ಟೆ. ‘ಕುರಿ?’ ಅಂದಳು. ‘ಇರಲಿಲ್ಲವ್ವಾ’ ಅಂದೆ. ಫೋನ್ ಇಟ್ಟಳು. ಐತವಾರ ಹೋತು, ಸೋಮವಾರ ಹೋತು, ನಿನ್ನೆ ಹೋತು. ಇವತ್ತು ಮುಂಜಾನಿ ಅಕಿನೇ ಹಚ್ಚಿದಳು. ಊಟ ಆತೇನು ಅಂತ ಕೇಳಲಿಲ್ಲ. ‘ಗಾಡಿ ಓಡ್ತದೇನು?’

‘ಓಡ್ತದವ್ವಾ.’

‘ಹಂಗಾದ್ರ ಇಲ್ಲಿಗೆ ತಗೊಂಡು ಬಾ. ಅವ್ವನ್ನ ಎಲ್ಲಿ ನಿಂದ್ರಿಸಿದ್ದಿ ನನಗ ತೋರಿಸು.’

ಅಲ್ಲಿ ನಿಂತು ಬೈತಾಳೋ, ಅಳತಾಳೋ, ಗೊತ್ತಿಲ್ಲ. ಬೈಯಲಿ. ಈ ಸಲ ಬೈಗಳು ಬರೋಬರಿ ಮನಷ್ಯಾಗೇ ಬೀಳ್ತಾವ. ನಾಳೆ ಹೊತ್ತು ಹುಟ್ಟೋದ್ರಾಗ ಹೊಂಡ್ತೀನಿ. ಹಿಂದ ಎಷ್ಟೇ ಹೊಗಿ ಕಂಡ್ರೂ ನಿಂದ್ರಾಂಗಿಲ್ಲ.

ಸುಜಾತಾನ ಅಪ್ಪ