ಅತ್ತೆಯ ಹೆಸರಿನ ಮಗಳಿಗೆ

ಝುವಾರಿನಗರ, ಗೋವಾ
ರವಿವಾರ, ೨೦ ಜುಲೈ ೨೦೨೫

ಮಗಳು ತವಡವ್ವಗೆ ಅವ್ವನ ತುಂಬು ಆಶೀರ್ವಾದಗಳು.

ಮೇಲಿನ ಸಾಲು ಓದಿ ನಿನ್ನ ಮೂಗಿನ ತುದಿ ಕೆಂಪಾಗಿರುತ್ತದೆ, ನನಗೆ ಗೊತ್ತು. ಸ್ವಲ್ಪ ತಡಿ, ಹರಿದು ಒಗೆಯಬೇಡ. ಈ ಹೆಸರು ಹಿಡಿದು ನಿನ್ನನ್ನು ನಾನು ಮಾತಾಡಿಸುತ್ತಿರುವುದು ಇದೇ ಮೊದಲು. ಬಾಯಿಂದ ಅನ್ನಬಾರದು ಎಂದು ನನಗೆ ಕಲಿಸಿದ್ದರು. ಬರೆಯಬಾರದು ಎಂದು ಯಾರೂ ಹೇಳಿರಲಿಲ್ಲ. ಇಷ್ಟು ವರ್ಷ ಅದು ನನಗೆ ಹೊಳೆಯಲೇ ಇಲ್ಲ ನೋಡು.

ತಡವಾಗಿ ಬರೆಯುತ್ತಿದ್ದೇನೆ, ಸಿಟ್ಟಾಗಬೇಡ. ನೀನು ಜಗಳವಾಡಿ ವೆರ್ಣಾಕ್ಕೆ ಹೋಗಿ ಗೆಳತಿಯರ ಜೊತೆ ರೂಮು ಮಾಡಿದ ದಿನದಿಂದ ಬರೆಯಬೇಕೆಂದು ಕೂರುತ್ತೇನೆ, ಏಳುತ್ತೇನೆ. ಫೋನು ಮಾಡೋಣವೆಂದರೆ ನನ್ನ ನಂಬರನ್ನು ನೀನು ಬ್ಲಾಕ್ ಮಾಡಿದ್ದೀಯಂತೆ. ಅದೂ ನನಗೆ ಗೊತ್ತಾದದ್ದು ಲತಾಳಿಂದ. ನಮ್ಮ ಓಣಿಯ ಹುಡುಗಿ ನಿನ್ನ ಕಂಪನಿ ಬಸ್ಸಿನಲ್ಲೇ ಹೋಗುವುದು ನನ್ನ ಪುಣ್ಯ. ಈ ಕಾಗದ ಅವಳ ಊಟದ ಡಬ್ಬಿಯ ಚೀಲದಲ್ಲಿ ಬರುತ್ತದೆ. ಸಾರಿನ ಕಲೆ ಬಿದ್ದಿದ್ದರೆ ಅವಳನ್ನು ಕೇಳು, ನನ್ನನ್ನಲ್ಲ.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಅಪ್ಪನ ಮೊಣಕಾಲು ಮಳೆಗೆ ಹಿಡಿದುಕೊಂಡಿದೆ. ಬಂದರಿನ ಕೆಲಸ ಬಿಡು ಎಂದರೆ ಕೇಳುವುದಿಲ್ಲ, ಎಣ್ಣೆ ಹಚ್ಚುತ್ತೇನೆಂದರೆ ಕಾಲು ಕೊಡುವುದಿಲ್ಲ. ಪಕ್ಕದ ಮನೆಯ ಜೈತುನಬಿ ದಿನಾ ನಿನ್ನನ್ನು ಕೇಳುತ್ತಾಳೆ. "ನಮ್ಮ ಹುಡುಗಿ ಬಂದ್ಲೇನ?" ಎಂದು ಬಾಗಿಲಲ್ಲಿ ಇಣುಕಿ ಹೋಗುತ್ತಾಳೆ. ಅವಳು ಹಾಗೆ ನಮ್ಮ ಹುಡುಗಿ ಅನ್ನುವುದಕ್ಕೆ ಒಂದು ಕಾರಣವಿದೆ. ಇರಲಿ, ಆಮೇಲೆ ಬರೆಯುತ್ತೇನೆ.

ಪೇಪರ್ ನಮ್ಮ ಮನೆಗೂ ಬಂತು ತಂಗಿ. ನಿನ್ನ ಸೋದರತ್ತೆ ಬಾಳಮ್ಮ ತಂದಳು. ಅವಳು ಅಡುಗೆ ಕೆಲಸಕ್ಕೆ ಹೋಗುವ ಮನೆಯವರು ಜಾಹೀರಾತು ಓದಿ ಹೇಳಿದರಂತೆ. ಚಪ್ಪಲಿಯನ್ನೂ ಬಿಡದೆ ಒಳಗೆ ಬಂದು ಅಂದಳು, "ನೋಡ್ ವೈನಿ, ನಮ್ಮವ್ವನ ಹೆಸರ ಪೇಪರಿನ್ಯಾಗ ಹಾಕಿ ಒಗದಾಳ ನಿನ್ನ ಮಗಳು. ತಕರಾರ ಇದ್ದವರು ಆಫೀಸಿಗೆ ಬಂದ ಹೇಳ್ರಿ ಅಂತ ಬರದಾರಂತ. ನಾಳೆನ ಹೋಗಿ ತಕರಾರ ಹಾಕ್ರಿ." ನಿನ್ನ ಅಪ್ಪ ಗೋಡೆ ನೋಡುತ್ತಾ ಕೂತಿದ್ದರು. ಮೊಣಕಾಲು ತಿಕ್ಕಿಕೊಳ್ಳುತ್ತಾ, "ಅವ್ವನ ಹೆಸರ ಅದು, ಮಗಳ ಬಾಳೇವು ಅದು. ನಡುವ ನಾ ಏನ ಹೇಳ್ಲಿ? ನನ್ನ ಕೇಳಬ್ಯಾಡ್ರಿ," ಅಂದರು.

ನಾನು ಓದಿದೆ. ಝುವಾರಿನಗರದ ಸಂಗಣ್ಣನ ಮಗಳು ತವಡವ್ವ ಎಂಬ ನಾನು ಇನ್ನು ಮುಂದೆ ಗೀತಾಂಜಲಿ ಎಂದು ಕರೆಸಿಕೊಳ್ಳುತ್ತೇನೆ. ಮೊದಲರ್ಧ ಓದುವಾಗ ನನಗೆ ಏನೂ ಆಗಲಿಲ್ಲ, ಖರೇ ಹೇಳುತ್ತೇನೆ. ಉಳಿದರ್ಧ ಓದಿ ಪೇಪರ್ ಕೆಳಗಿಟ್ಟು ಒಗ್ಗರಣೆ ಹಾಕಲು ಎದ್ದೆ. ಒಗ್ಗರಣೆ ಸೀದುಹೋಯಿತು, ಮತ್ತೊಮ್ಮೆ ಹಾಕಿದೆ, ಅದೂ ಸೀದಿತು. ಕೊನೆಗೆ ಬಾಳಮ್ಮನೇ ನನ್ನನ್ನು ಪಕ್ಕಕ್ಕೆ ಸರಿಸಿ ಒಲೆ ಆರಿಸಿದಳು.

ಹೊಸ ಹೆಸರಿನ ಮಾತು ಈಗ ಬೇಡ. ಮೊದಲು ಹಳೆಯದರದ್ದು ಹೇಳುತ್ತೇನೆ.

ಹೋಗುವ ಹಿಂದಿನ ದಿನ ನೀನು ಮೊಬೈಲು ನನ್ನ ಮುಖಕ್ಕೆ ಹಿಡಿದಿದ್ದೆ, ನೆನಪಿದೆಯೇ? "ಇಲ್ ನೋಡಬೇ. ಯಾವ ಹೆಸರು ಎಷ್ಟ ಮಂದಿಗೈತಿ, ಎಲ್ಲಿಂದ ಬಂತು, ಎಲ್ಲಾ ಹೇಳ್ತೈತಿ ಇದು. ಆಫ್ರಿಕಾದ ಹೆಸರೂ ಅದಾವು. ನನ್ನ ಹೆಸರ ಹಾಕಿದ್ರ ಮೂಲ ಗೊತ್ತಿಲ್ಲ ಅಂತೈತಿ. ಜಗತ್ತಿನ್ಯಾಗ ಯಾರಿಗೂ ಇಲ್ಲದ ಹೆಸರು ನನಗ ಇಟ್ಟೀರಿ." ನಾನು ನಕ್ಕುಬಿಟ್ಟೆ. ಆ ಪೆಟ್ಟಿಗೆಗೆ ತವಡು ಅಂದರೆ ಏನೆಂದು ಗೊತ್ತಿರಲು ಅದೇನು ಎಮ್ಮೆ ಕಟ್ಟಿದೆಯೇ ಎಂದೆ. ನಿನಗೆ ನಗು ಬರಲಿಲ್ಲ. ಬರುವುದಾದರೂ ಹೇಗೆ? ಶಾಲೆಯಲ್ಲಿ ನಮ್ಮ ಕಡೆಯ ಮಕ್ಕಳೇ "ತವಡವ್ವಾ, ಎಮ್ಮಿ ಹಸದೈತಿ ಬಾ" ಎಂದು ನಿನ್ನನ್ನು ಅಳಿಸಿದ್ದು ನನ್ನ ಕಣ್ಣಮುಂದೆಯೇ ಇದೆ. ಗೋವಾದವರು ಪಾಪ, ಅವರಿಗೆ ಏನೂ ತಿಳಿಯದು. ನಿನ್ನ ಸೂಪರ್‌ವೈಸರ್ ಬಾಯಿ "ತವಡವ್ವ ಮ್ಹಳ್ಯಾರ್ ಕಿತೆಂ?" ಎಂದು ಅರ್ಥ ಕೇಳಿದಾಗ ಅದು ನಮ್ಮ ಕಡೆಯ ಹೂವು ಎಂದಿದ್ದೆಯಂತೆ. ಲತಾ ಹೇಳಿ ಹೇಳಿ ನಗುತ್ತಾಳೆ. ಆ ಹೂವಿಗೆ ಬಣ್ಣ ಯಾವುದು ಕೊಟ್ಟೆ?

ಮೂಲ ಗೊತ್ತಿಲ್ಲ ಅನ್ನುವುದು ಸುಳ್ಳು. ನಿನ್ನ ಅಜ್ಜಿಯ ತಾಯಿಗೆ ಮಕ್ಕಳು ಹುಟ್ಟುತ್ತಿದ್ದವು, ಉಳಿಯುತ್ತಿರಲಿಲ್ಲ. ಅಜ್ಜಿ ಹುಟ್ಟಿದಾಗ ಮುದುಕಿಯರು ಕೂಸನ್ನು ಮೊರದಲ್ಲಿ ಮಲಗಿಸಿ ಎದುರು ಮನೆಯ ಹೆಂಗಸಿನ ಹೊಸ್ತಿಲಲ್ಲಿ ಇಟ್ಟುಬಂದರು. ಈ ಕೂಸು ನಮಗೆ ಬೇಡ, ನೀನೇ ತಗೋ ಎಂದು. ಆಮೇಲೆ ಅದೇ ಮೊರದ ತುಂಬ ತವಡು ಕೊಟ್ಟು ಕೊಂಡುತಂದರು. ತವಡಿಗೆ ಬಂದ ಕೂಸು, ಇದಕ್ಕೆ ಬೆಲೆಯಿಲ್ಲ ಎಂದು ಸಾವು ಮುಂದಿನ ಮನೆಗೆ ಹೋಗಲಿ ಎಂಬ ಆಸೆ. ನಮ್ಮ ಕಡೆ ಒಂದು ಕಾಲಕ್ಕೆ ಊರೂರಿಗೆ ಒಬ್ಬ ತವಡವ್ವ, ಒಬ್ಬ ತವಡಪ್ಪ ಇರುತ್ತಿದ್ದರು. ದವಾಖಾನೆಗಳು ಬಂದವು, ಸೂಜಿ ಔಷಧಿ ಬಂದವು, ಕೂಸುಗಳು ಉಳಿಯತೊಡಗಿದವು. ಹೆಸರು ತಾನಾಗಿ ಕಡಿಮೆಯಾಯಿತು. ಈಗ ಮೊಬೈಲಿನಲ್ಲಿ ಸಿಗದಷ್ಟು ಅಪರೂಪವಾಗಿದೆ ಎಂದರೆ ಅದು ಚಲೋ ಸುದ್ದಿ ತಂಗಿ. ಅಷ್ಟು ತಾಯಂದಿರಿಗೆ ಆ ಹೆಸರು ಬೇಕಾಗಲಿಲ್ಲ.

ಆ ಕೂಸು ಉಳಿಯಿತು. ಉಳಿದದ್ದಷ್ಟೇ ಅಲ್ಲ, ಗಂಡ ಸತ್ತ ಮೇಲೆ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಗೋವಾಕ್ಕೆ ಬಂದು, ಕಲ್ಲು ಹೊತ್ತು, ಈ ಗುಡ್ಡದ ಮೇಲೆ ತಗಡಿನ ಮನೆ ಹಾಕಿತು. ನಾನು ಸೊಸೆಯಾಗಿ ಬಂದಾಗ ಅತ್ತೆಯ ಹಲ್ಲು ಒಂದೂ ಬಿದ್ದಿರಲಿಲ್ಲ. ಜೋರು ಹೆಂಗಸು. ಸತ್ತಾಗಲೂ ಯಾರಿಗೂ ತ್ರಾಸು ಕೊಡದೆ ಹೋದಳು. ಮುಂದೆ ನೀನು ಹುಟ್ಟಿದಾಗ ಆಕೆಯ ಹೆಸರೇ ನಿನಗೆ ಬಂತು.

ಸೊಸೆ ಅತ್ತೆಯ ಹೆಸರು ಅನ್ನಬಾರದು. ಗಂಡನದಂತೂ ಇಲ್ಲವೇ ಇಲ್ಲ. ನನಗೆ ತವರಲ್ಲಿ ಕಲಿಸಿದ್ದು ಅದು, ನಾಲಿಗೆಗೆ ಹತ್ತಿಬಿಟ್ಟಿದೆ. ಇವತ್ತಿಗೂ ಅಂಗಡಿಯಲ್ಲಿ ತವಡು ಎಂದು ಕೇಳಬೇಕಾದರೆ "ಮೇವಿಗೆ ಹಾಕೋದು" ಅನ್ನುತ್ತೇನೆ. ಹೀಗಾಗಿ ನೀನು ನನಗೆ ಮೊದಲಿಂದಲೂ ತಂಗಿ. ಕನ್ನಡ ಶಾಲೆಯಲ್ಲಿ ನೀನು ನನ್ನ ಕೈಕೆಳಗೇ ಒಂದನೇ ಇಯತ್ತೆಗೆ ಬಂದಾಗ ನಾನು ಎಲ್ಲರ ಹೆಸರು ಕೂಗಿ ಹಾಜರಿ ಹಾಕುತ್ತಿದ್ದೆ. ನಿನ್ನ ಸರದಿ ಬಂದಾಗ ತಲೆಯೆತ್ತಿ ನಿನ್ನ ಮುಖ ನೋಡುತ್ತಿದ್ದೆ. ನೀನು "ಹಾಜರ್ರಿ" ಅನ್ನುತ್ತಿದ್ದೆ. ನಮ್ಮಿಬ್ಬರಿಗೂ ಅದು ಆಟದಂತೆ ಇತ್ತು ಎಂದು ನಾನು ತಿಳಿದಿದ್ದೆ.

ನಿನಗೆ ಹಾಗಿರಲಿಲ್ಲ ಎಂದು ಆ ಜಗಳದ ದಿನ ಗೊತ್ತಾಯಿತು. "ಊರ ಮಕ್ಕಳ ಹೆಸರೆಲ್ಲಾ ನಿನ್ನ ಬಾಯಾಗ ಬರ್ತಿದ್ವು, ನನ್ನದೊಂದ ಬರಲಿಲ್ಲ. ಹೆತ್ತಾಕಿಗೇ ನಾಚಿಕಿ ಆಗೋ ಹೆಸರು ನಾ ಯಾಕ ಹೊತ್ಕೊಂಡ ತಿರಗ್ಲಿ?" ಅಂದೆ. ನಾಚಿಕೆ ಅಲ್ಲ, ಅದು ಪದ್ಧತಿ ಎಂದು ನಾನು ಹೇಳುವಷ್ಟರಲ್ಲಿ ಇನ್ನೊಂದು ಮಾತು ಅಂದುಬಿಟ್ಟೆ. "ಸಣ್ಣಾಕಿದ್ದಾಗ ನನಗ ಜ್ವರ ಬಂದಿತ್ತಲ್ಲ, ಆವಾಗ ನೀ ನನಗ ಗೀತಾಂಜಲಿ ಅಂತ ಕರದಿದ್ದಿ. ಕಣ್ಣ ಮುಚ್ಚಿದ್ರೂ ನನಗ ಕೇಳಿತ್ತು. ನಿನ್ನ ಬಾಯಿಂದ ನನಗ ಬಂದ ಹೆಸರು ಅದೊಂದ. ಅದನ್ನ ಇಟ್ಕೊತೇನಿ."

ನನ್ನ ಕೈಯಲ್ಲಿ ಹಿಟ್ಟಿತ್ತು. ರೊಟ್ಟಿ ತಟ್ಟುವುದು ನಿಲ್ಲಿಸಿ ಹಾಗೇ ನಿಂತೆ. ನೀನು ನನ್ನ ಮುಖ ನೋಡಿ, ಉತ್ತರ ಕಾದು, ಚೀಲ ತುಂಬಿಕೊಂಡೆ. ನನ್ನ ಸುಮ್ಮನಿರುವಿಕೆಯನ್ನು ನೀನು ಏನೆಂದು ತಿಳಿದೆ ಎಂಬುದು ಬಾಗಿಲು ಹಾಕಿದ ಸದ್ದಿನಲ್ಲೇ ಗೊತ್ತಾಯಿತು.

ಅಂದಿನಿಂದ ನನಗೆ ಒಂದು ಕಡೆ ಕೂರಲು ಆಗುತ್ತಿಲ್ಲ. ಒಗೆದ ಬಟ್ಟೆಯನ್ನೇ ಮತ್ತೆ ನೀರಿಗೆ ಹಾಕುತ್ತೇನೆ. ಶಾಲೆಯಲ್ಲಿ ಮಗ್ಗಿ ಹೇಳಿಸುತ್ತಾ ನಡುವೆ ಮರೆತು ನಿಲ್ಲುತ್ತೇನೆ, ಮಕ್ಕಳು ಮುಂದಿನದು ಹೇಳಿಕೊಡುತ್ತಾರೆ. ನಿನ್ನ ಅಪ್ಪ, "ಏನಾಗೇತಿ ನಿನಗ? ಹೆಸರ ತಾನ ಬದಲಿ ಮಾಡಾಕತ್ತಾಳ, ನಿನ್ನನ್ನೇನ ಬದಲಿ ಮಾಡಾಕತ್ತಿಲ್ಲ," ಅಂದರು. ಅವರು ಆ ಜಾಹೀರಾತಿನ ಕೊನೆಯ ಮಾತು ಇನ್ನೂ ಕೇಳಿರಲಿಲ್ಲ. ಬಾಳಮ್ಮನಿಗೆ ತನ್ನ ಅವ್ವನ ಹೆಸರು ಹೋಗುವುದರ ಚಿಂತೆ, ಹೊಸದು ಯಾವುದೆಂದು ಆಕೆ ಹೇಳಿರಲಿಲ್ಲ. ನಾನೂ ಹೇಳಲಿಲ್ಲ.

ಮೊನ್ನೆ ಶಾಲೆಗೆ ರಜೆ ಹಾಕಿ ವಾಸ್ಕೋಗೆ ಹೋದೆ. ಹೌದು, ಆ ಆಫೀಸಿಗೇ. ಕಿಟಕಿಯ ಮುಂದೆ ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ಒಳಗಿದ್ದವರು "ಕಿತೆಂ ಜಾಯ್ ಬಾಯ್?" ಎಂದು ಏನು ಬೇಕೆಂದು ಕೇಳಿದರು. ಯಾವ ಹೆಸರಿನ ಮೇಲೆ ತಕರಾರು ಎಂದು ನಾನು ಬಾಯಿಬಿಟ್ಟು ಹೇಳಬೇಕಿತ್ತು. ಹಳೆಯದನ್ನು ಅನ್ನಲು ಬರಲಿಲ್ಲ, ಹೊಸದನ್ನೂ ಅನ್ನಲು ಬರಲಿಲ್ಲ. ಹಿಂದಿನವರಿಗೆ ದಾರಿ ಬಿಟ್ಟು ಹೊರಗೆ ಬಂದೆ. ಮೀನು ಮಾರ್ಕೆಟ್ಟಿನವರೆಗೆ ನಡೆದೆ, ಮತ್ತೆ ಆಫೀಸಿನವರೆಗೆ ಬಂದೆ, ಮತ್ತೆ ಮಾರ್ಕೆಟ್ಟು. ಕೊಡೆ ಎಲ್ಲಿ ಬಿಟ್ಟೆನೋ ಗೊತ್ತಿಲ್ಲ. ತೊಯ್ದು ಮನೆಗೆ ಬಂದವಳನ್ನು ಜೈತುನಬಿ ಬೈದು ತಲೆ ಒರೆಸಿದಳು.

ಬಾಳಮ್ಮನಿಗೆ ಹೇಳಿಬಿಟ್ಟೆ, ನಾವು ತಕರಾರು ಹಾಕುವುದಿಲ್ಲ ಎಂದು. ಅವಳು ಮಾತು ಬಿಟ್ಟಿದ್ದಾಳೆ. ಬಿಡಲಿ, ಹಬ್ಬ ಬಂದರೆ ತಾನೇ ಹೋಳಿಗೆ ಹಿಡಿದು ಬರುತ್ತಾಳೆ. ತವಡವ್ವ ಎಂಬ ಹೆಸರು ನಿನಗೆ ಬೇಡವಾದರೆ ಬಿಟ್ಟುಬಿಡು. ಅದರ ಕೆಲಸ ಮುಗಿದಿದೆ. ನೀನು ಬೆಳೆದು ನನ್ನ ಎತ್ತರಕ್ಕೆ ಬಂದು, ನನಗೇ ಬಾಗಿಲು ಬಡಿದು ಹೋಗುವಷ್ಟಾಗಿದ್ದೀಯ. ಅತ್ತೆ ಇದ್ದಿದ್ದರೂ ಇಷ್ಟೇ ಹೇಳುತ್ತಿದ್ದಳು, ಇನ್ನೆರಡು ಬೈಗುಳ ಸೇರಿಸಿ.

ಲತಾಳ ಕೈಯಲ್ಲಿ ಶೇಂಗಾ ಚಟ್ನಿ, ಕಟಕ ರೊಟ್ಟಿ ಕಳಿಸಿದ್ದೇನೆ. ರೊಟ್ಟಿ ಮಳೆಗಾಳಿಗೆ ಮೆತ್ತಗಾಗುತ್ತವೆ, ಡಬ್ಬಿ ಬಿಗಿಯಾಗಿ ಮುಚ್ಚು. ರಾತ್ರಿ ಪಾಳಿ ಇದ್ದಾಗ ಹಸಿದು ಹೋಗಬೇಡ. ನಿನ್ನ ಆಯುಷ್ಯ ಗಟ್ಟಿಯಾಗಿರಲಿ, ಹೋದಲ್ಲಿ ನಾಲ್ಕು ಮಂದಿ ನಿನ್ನನ್ನು ಪ್ರೀತಿಯಿಂದ ಕರೆಯಲಿ.

ನಿನ್ನ ಅವ್ವ,
ಅಂಬಿಕಾ

ತಾ. ಕ. — ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಬರೆಯದೆ ಕಳಿಸಿದರೆ ನಾನು ಇನ್ನೂ ಎಷ್ಟು ದಿನ ಹೀಗೆ ಮನೆಯೊಳಗೆ ತಿರುಗಬೇಕೋ.

ನಿನಗೆ ಅಜ್ಜಿಯ ಹೆಸರು ಇಟ್ಟದ್ದು ಅಪ್ಪನೂ ಅಲ್ಲ, ಅತ್ತೆ ಬಾಳಮ್ಮನೂ ಅಲ್ಲ. ನಾನೇ ಬೇಡಿದೆ. ನಿನಗಿಂತ ಮೊದಲು ಈ ಮನೆಯಲ್ಲಿ ಒಂದು ಹೆಣ್ಣುಕೂಸು ಹುಟ್ಟಿತ್ತು. ಅದಕ್ಕೆ ಓಣಿಯಲ್ಲಿ ಯಾರಿಗೂ ಇಲ್ಲದ ಚಂದದ ಹೆಸರು ಇಡಬೇಕೆಂದು ನಾನು ಹಟ ಹಿಡಿದೆ, ಇಟ್ಟೆ. ಹಗಲೆಲ್ಲ ಬಾಯಿ ತುಂಬ ಕರೆಯುತ್ತಿದ್ದೆ. ಗೀತಾಂಜಲಿ ಇನ್ನೂ ಹೊಟ್ಟೆಯ ಮೇಲೆ ಮಗುಚಲು ಕಲಿತಿರಲಿಲ್ಲ, ಒಂದು ಮಳೆಗಾಲದ ಜ್ವರದಲ್ಲಿ ಹೋದಳು. ಆಮೇಲೆ ನೀನು ಹುಟ್ಟಿದೆ. ನಾನು ಓದಿದವಳು, ಮಕ್ಕಳಿಗೆ ಪಾಠ ಹೇಳುವವಳು, ಆದರೂ ನಿನ್ನನ್ನು ಮೊರದಲ್ಲಿ ಮಲಗಿಸಿ ಜೈತುನಬಿಯ ಹೊಸ್ತಿಲಲ್ಲಿ ಇಟ್ಟೆ. ನಿನ್ನ ಅಪ್ಪ ವಾಳಪೈವರೆಗೆ ಹೋಗಿ ದನ ಸಾಕಿದವರ ಮನೆಯಿಂದ ತವಡು ತಂದರು. ಸಾವಿಗೆ ಒಮ್ಮೆ ಮೋಸ ಮಾಡಿ ಗೆದ್ದ ಹೆಸರು ಈ ಮನೆಯಲ್ಲೇ ಇತ್ತು. ನಾನು ಎಂದೂ ಕರೆಯಲಾಗದ ಹೆಸರು ಎಂದು ಗೊತ್ತಿದ್ದೂ ಅದನ್ನೇ ಕೇಳಿಕೊಂಡೆ. ಕೊಂಡುತಂದ ಕೂಸಿನ ಮುಂದೆ ಹೋದ ಕೂಸಿನ ಮಾತು ಎತ್ತಬಾರದು ಎಂದು ಹಿರಿಯರು ಹೇಳಿದರು. ಅದಕ್ಕೇ ನಿನಗೆ ಯಾರೂ ಹೇಳಲಿಲ್ಲ.

ಆ ಜ್ವರದಲ್ಲಿ ನಾನು ನಿನ್ನನ್ನು ಕರೆಯಲಿಲ್ಲ ತಂಗಿ. ನೀನು ಕಣ್ಣು ತೆರೆಯುತ್ತಿರಲಿಲ್ಲ. ಅವಳೇ ನಿನ್ನ ಹಾಸಿಗೆಯ ಹತ್ತಿರ ಬಂದು ಕೂತಿದ್ದಾಳೆ ಅನ್ನಿಸಿತು. ಗೀತಾಂಜಲಿ, ಇವಳನ್ನು ನನಗೆ ಬಿಟ್ಟುಹೋಗು ಎಂದು ಕೈಮುಗಿದೆ. ಹೆತ್ತ ಮಗಳನ್ನು ಮನೆಯಿಂದ ಹೋಗು ಅಂದೆ. ಅವಳು ಹೋದಳು, ನೀನು ಕಣ್ಣು ತೆರೆದೆ. ಆಮೇಲೆ ಆ ಹೆಸರೂ ನನ್ನ ಬಾಯಲ್ಲಿ ಬಂದಿಲ್ಲ.

ನೀನು ಬೇರೆ ಯಾವ ಹೆಸರಾದರೂ ಇಟ್ಟುಕೋ. ವೆರ್ಣಾದ ಬಸ್ ಸ್ಟಾಪಿಗೆ ಬಂದು ನಾಲ್ಕು ಮಂದಿಯ ಮುಂದೆ ಆ ಹೆಸರು ಹಿಡಿದು ಕೂಗುತ್ತೇನೆ, ನೀನು ಸಾಕು ಅನ್ನುವವರೆಗೂ. ಇದೊಂದು ಅವಳಿಗೆ ಇರಲಿ. ಅವಳಿಗೆ ನಾವು ಕೊಟ್ಟದ್ದು ಅಷ್ಟೇ.