ರೆಪ್ಪೆಮಣಿಯ ಮುಂದೆ ಬಾಯಿ ಮುಚ್ಚಿಕೊಂಡಿದ್ದು

ಗದಗ, ಫೆಬ್ರವರಿ ಮೂವತ್ತು, ೨೧೯೪

ಗುರುಸಿದ್ದವ್ವಾ,

ಫೆಬ್ರವರಿಯಲ್ಲಿ ಮೂವತ್ತು ಎಲ್ಲಿಂದ ಬಂತು ಅಂತ ತಕರಾರು ತೆಗೆಯಬೇಡ. ನಮ್ಮಲ್ಲಿದೆ. ನೀನು ನನ್ನ ಮುತ್ತಜ್ಜಿಯ ತಾಯಿ. ಆದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಈ ಕಾಗದ ನಿನ್ನನ್ನು ಮುಟ್ಟುವಾಗ ನಿನಗಿನ್ನೂ ಮೂವತ್ತು, ನನಗೆ ಎಂಬತ್ತು. ಅದಕ್ಕೇ ಏಕವಚನ. ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟವಳು ನಾನು. ಮಾತು ವಿಚಿತ್ರ ಅನ್ನಿಸಿದರೆ ಸಹಿಸಿಕೋ.

ನಿನ್ನ ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಗಾಜಿನಂಥ ಪದರ, ಚೂಪಾಗಿ ತೆಳುವಾಗಿದೆಯಲ್ಲ, ನನ್ನ ಮೊಮ್ಮಗಳು ತಾರಕಿಯದೂ ಹಾಗೇ. ನಿಮ್ಮ ಯಂತ್ರ ಆ ಪದರವನ್ನೇ ಒತ್ತಿ ಒಳಗಿನ ಒತ್ತಡ ಅಳೆಯುತ್ತದೆ. ತೆಳುವಾದದ್ದು ಬೇಗ ತಗ್ಗುತ್ತದೆ, ಯಂತ್ರ ಒತ್ತಡ ಕಡಿಮೆ ಅನ್ನುತ್ತದೆ, ನೀನು ನಂಬುತ್ತೀಯ; ನಿಜವಾಗಿ ಏರಿದ ಒತ್ತಡ ಕಣ್ಣಿನ ಹಿಂದಿನ ನರವನ್ನು ತಿನ್ನುತ್ತಿರುತ್ತದೆ. ನಮ್ಮಲ್ಲಿ ರೆಪ್ಪೆಮಣಿ ಇದೆ: ಮುಚ್ಚಿದ ರೆಪ್ಪೆಯ ಮೂಲೆಯಲ್ಲಿಟ್ಟರೆ, ಕೆಳಗಿನ ಬಿಳಿಭಾಗದಿಂದಲೇ ಒತ್ತಡ ಹೇಳುತ್ತದೆ. ಹಿಟ್ಟಿನ ಗಿರಣಿಯ ಪಕ್ಕದ ಕಣ್ಣಂಗಡಿಯಲ್ಲೇ ಅಳೆಯುತ್ತಾರೆ. ಕೊರಳ ಗುಂಡಿ ಸಡಿಲಿಸಿ, ಉಸಿರು ಬಿಟ್ಟು ಕೂರಬೇಕು, ಅಷ್ಟೇ.

ಇವತ್ತು ತಾರಕಿಯ ಒತ್ತಡ ಇಳಿಯದಿದ್ದರೆ ಆಪರೇಷನ್ ಅಂದಿದ್ದರು. ಮೊದಲ ಸಲ ಏರಿತ್ತು. ಎರಡನೆಯ ಸಲ ಇನ್ನೂ ಏರಿತು. ನಾನು ಸುಮ್ಮನಿರುವವಳೇ?

"ಕಣ್ ಹಿಂಡಬ್ಯಾಡಲೇ! ಉಸಿರ್ ಬಿಡು! ಕಲ್ಲಿನಂಗ ಕುಂತಿ ನೋಡು!"

ಅಳೆಯುವ ರೇಷ್ಮಾ ನದಾಫ್ ಮಣಿ ತೆಗೆದು ನನ್ನ ಕಡೆ ತಿರುಗಿದಳು. "ಅಜ್ಜಿ, ನೀವು ಒದರಿದಂಗ ಒದರಿದಂಗ ಆಕಿ ಕಣ್ ಬಿಗಿ ಹಿಡೀತಾಳ, ಒತ್ತಡ ಏರಾಕತ್ತೈತಿ. ಹೊರಗ ನಡೀರಿ."

"ನಾ ಯಾಕ ಹೋಗ್ಲಿ? ನನ್ನ ಮೊಮ್ಮಗಳು!"

"ಅದಕ್ಕ ಹೋಗ್ರಿ."

ಗಿರಣಿಯ ಕಟ್ಟೆಯ ಮೇಲೆ ಕುಳಿತೆ. ಹುಟ್ಟಿದಾಗಿನಿಂದ ಅಷ್ಟು ಹೊತ್ತು ಬಾಯಿ ಮುಚ್ಚಿದ್ದು ನೆನಪಿಲ್ಲ. ಕೊನೆಗೆ ಒಳಗಿಂದ ತಾರಕಿಯ ಕೂಗು ಬಂತು: "ಅಜ್ಜೀ, ನೀ ಹೊರಗ ಹೋದ ಮ್ಯಾಲ ಮೂರ್ ಸಲ ಅಳದ್ರು, ಮೂರ್ ಸಲಾನೂ ಇಳದೈತಿ! ಹನಿ ಔಷಧಾನ ಸಾಕಂತ, ಆಪರೇಷನ್ ಬ್ಯಾಡಂತ! ಈಗ ಎಷ್ಟ ಬೇಕಾದ್ರೂ ಒದರು!"

ಒದರಿದೆ. ಗಿರಣಿಯ ಮುಂದಿದ್ದವರನ್ನೆಲ್ಲ ತಬ್ಬಿಕೊಂಡೆ. ಮನೆಗೆ ಬಂದಾಗ ನನ್ನ ಸೀರೆಯಲ್ಲೆಲ್ಲ ಜೋಳದ ಹಿಟ್ಟು.

ಈ ಖುಷಿ ನಿನಗೂ ಬೇಕು. 'ಒತ್ತಡ ಸರಿಯಿದೆ' ಅಂದದ್ದನ್ನು ನಂಬಿ ಕುಳಿತು, ನೀನು ನಡುವಯಸ್ಸಿಗೇ ಕಣ್ಣು ಕಳೆದುಕೊಂಡೆ ಅಂತ ನಮ್ಮ ಮನೆಯ ಕತೆ. ಆ ಕತೆ ಸುಳ್ಳಾಗಲಿ. ಡಾಕ್ಟರ ಬಳಿ ಮತ್ತೆ ಹೋಗು. 'ನನ್ನ ಕಾರ್ನಿಯಾ ಚೂಪು, ಬೇರೆ ರೀತಿಯಲ್ಲೂ ಅಳೆಯಿರಿ, ಹಿಂದಿನ ನರವನ್ನೂ ನೋಡಿರಿ' ಅನ್ನು. ಯಾರು ಹೇಳಿದರು ಅಂತ ಕೇಳಿದರೆ ನನ್ನ ಹೆಸರು ಹೇಳಬೇಡ, ನಿನ್ನ ತಲೆಯನ್ನೇ ಮೊದಲು ಪರೀಕ್ಷೆ ಮಾಡಿಯಾರು.

ಓದಿದ್ದು ಸಾಕು. ಚಪ್ಪಲಿ ಮೆಟ್ಟು.

ನಿನ್ನ ನೀಲಗಂಗವ್ವ