ವೇದಿಕೆಗೆ ವಂದಿಸುವುದರಲ್ಲೇ ಮುಗಿದ ಐದು ನಿಮಿಷ

ಉದಯೋನ್ಮುಖ ಬರಹಗಾರರ ಮಾರ್ಗದರ್ಶನ ಸಮಿತಿಯ ಮಾನ್ಯ ಅಧ್ಯಕ್ಷರೇ,

ಕಳೆದ ತಿಂಗಳು ತಾವು ಮೂಡುಬಿದಿರೆಯಲ್ಲಿ ನಡೆಸಿದ ‘ಬರಹಗಾರ–ಪ್ರಕಾಶಕ ಮುಖಾಮುಖಿ’ಯಲ್ಲಿ ನನಗೆ ಅನ್ಯಾಯವಾಗಿದೆ. ನನ್ನ ಕಾದಂಬರಿಯ ಒಂದು ವಾಕ್ಯವನ್ನೂ ಕೇಳದೆ ಗಂಟೆ ಬಾರಿಸಿ ನನ್ನನ್ನು ಕೆಳಗಿಳಿಸಿದಿರಿ. ನನ್ನ ನಂತರ ಬಂದ, ನಮ್ಮದೇ ಸಿದ್ಧಕಟ್ಟೆಯಲ್ಲಿ ಫ್ಯಾನ್ಸಿ ಅಂಗಡಿ ಇಟ್ಟಿರುವ ಜುವೈರಿಯಾಳ ಕಾದಂಬರಿ ಈಗ ಪುಸ್ತಕವಾಗುತ್ತಿದೆ. ಹೌದು, ಈ ಪತ್ರ ಹೊಟ್ಟೆಕಿಚ್ಚಿನಿಂದಲೇ ಬರೆದದ್ದು. ಅದನ್ನು ಕಂಡುಹಿಡಿಯುವ ಶ್ರಮ ತಮಗೆ ಬೇಡವೆಂದು ನಾನೇ ಹೇಳಿಬಿಡುತ್ತೇನೆ.

ನನಗೆ ಐವತ್ತೆರಡು. ಈ ಪ್ರಾಯದಲ್ಲಿ ‘ಉದಯೋನ್ಮುಖ’ ಎಂಬ ಬ್ಯಾಡ್ಜು ಎದೆಗೆ ಚುಚ್ಚಿಕೊಂಡು ಕೂರುವುದಕ್ಕೂ ಗುಂಡಿಗೆ ಬೇಕು. ಬೆಂಗಳೂರಿನಿಂದ ಪ್ರಕಾಶಕರು ಬರುತ್ತಾರೆ, ಜೊತೆಗೆ ಲಿಟರರಿ ಏಜೆಂಟರೂ ಬರುತ್ತಾರೆ ಎಂದು ತಮ್ಮ ಆಮಂತ್ರಣ ಹೇಳಿತ್ತು. ನಮ್ಮ ಕಡೆ ಏಜೆಂಟ್ ಎಂದರೆ ಒಂದೋ ಎಲ್‌ಐಸಿಯವರು, ಇಲ್ಲವೇ ಬಸ್‌ಸ್ಟ್ಯಾಂಡಿನಲ್ಲಿ ಊರಿನ ಹೆಸರು ಕೂಗಿ ಜನ ಹತ್ತಿಸುವವರು. ಬರೆದವನ ಪರವಾಗಿ ಪ್ರಕಾಶಕರ ಬಾಗಿಲು ತಟ್ಟುವವರೂ ಲೋಕದಲ್ಲಿದ್ದಾರೆಂದು ತಿಳಿದು ಖುಷಿಯಲ್ಲಿ ಹೊಸ ಅಂಗಿ ಹೊಲಿಸಿದ್ದೆ.

ಒಬ್ಬೊಬ್ಬರಿಗೆ ಐದು ನಿಮಿಷ, ಅಷ್ಟರಲ್ಲಿ ಕಥೆ ಹೇಳಿ ಅವರನ್ನು ಸೆಳೆಯಬೇಕು ಎಂಬುದು ತಮ್ಮ ನಿಯಮ. ಒಳ್ಳೆಯದೇ. ಆದರೆ ವೇದಿಕೆಯ ಮೇಲೆ ಹನ್ನೊಂದು ಮಂದಿ ಗಣ್ಯರನ್ನು ಸಾಲಾಗಿ ಕೂರಿಸಿದವರು ಯಾರು? ನಾನು ಹೈಸ್ಕೂಲು ಮೇಷ್ಟ್ರು; ಆದರೆ ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಜನ ನನ್ನನ್ನು ಗುರುತಿಸುವುದು ಸಭೆಗಳ ನಿರೂಪಕನೆಂದು. ಹಾಲಿನ ಸೊಸೈಟಿಯ ಮಹಾಸಭೆಗೂ ನಾನೇ, ಶಾಲೆಯ ವಾರ್ಷಿಕೋತ್ಸವಕ್ಕೂ ನಾನೇ. ಒಂದು ಹೆಸರು ಬಿಟ್ಟರೆ ಏನಾಗುತ್ತದೆಂದು ನನಗೆ ಗೊತ್ತಿದೆ. ಅಳದಂಗಡಿಯಲ್ಲೊಮ್ಮೆ ಗೌರವಾಧ್ಯಕ್ಷರೊಬ್ಬರ ಹೆಸರು ಬಿಟ್ಟುಹೋಗಿ, ಅವರು ಊಟವನ್ನೂ ಮಾಡದೆ ಎದ್ದು ಹೋದರು. ಇವತ್ತಿಗೂ ಎದುರು ಸಿಕ್ಕರೆ ಮುಖ ತಿರುಗಿಸುತ್ತಾರೆ.

ಹೀಗೆ ಪಳಗಿದ ನಾಲಗೆ ಮೈಕಿನ ಮುಂದೆ ಸೀದಾ ಕಥೆಗೆ ಇಳಿಯುವುದು ಹೇಗೆ? ತಮ್ಮಿಂದಲೇ ತೊಡಗಿ ಒಬ್ಬೊಬ್ಬರನ್ನೂ ಬಿರುದುಬಾವಲಿ ಸಹಿತ ವಂದಿಸಿದೆ. ಹನ್ನೊಂದನೆಯವರಿಗೆ ಕೈ ಮುಗಿಯುವಾಗ ಗಂಟೆ ಬಡಿಯಿತು. ತಮ್ಮ ಹೆಸರು ಹೇಳಿದಾಗ ತಾವು ಎದ್ದು ನಿಂತು ಸಭೆಗೆಲ್ಲ ಕೈ ಮುಗಿದಿರಲ್ಲ, ಆಗ ‘ಸಾಕು, ಕಥೆ ಹೇಳಿ’ ಎನ್ನಲು ಬಾಯಿಗೆ ಏನಾಗಿತ್ತು ಸ್ವಾಮೀ? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.

ಆಮೇಲೆ ಜುವೈರಿಯಾ ಹತ್ತಿದಳು. ಯಾರಿಗೂ ನಮಸ್ಕಾರವಿಲ್ಲ, ಸ್ವಾಗತವಿಲ್ಲ. “ನಮ್ಮ ಮಾವ ದುಬೈಯಲ್ಲಿ ತೀರಿಹೋದ ಮೇಲೆ ಅವರ ಪೆಟ್ಟಿಗೆ ಊರಿಗೆ ಬಂತು. ತೆಗೆದು ನೋಡಿದ್ರೆ ಒಳಗೆ ಸಣ್ಣ ಮಕ್ಕಳ ಚಪ್ಪಲಿ ಉಂಟು. ನಮ್ಮ ಮನೆಯಲ್ಲಿ ಸಣ್ಣ ಮಕ್ಕಳೇ ಇಲ್ಲ” ಎಂದಳು. ಅಷ್ಟೇ! ಏಜೆಂಟರು ಕುಡಿಯುತ್ತಿದ್ದ ಚಹಾ ಕೆಳಗಿಟ್ಟರು. ಪ್ರಕಾಶಕರು ಕುರ್ಚಿಯ ತುದಿಗೆ ಬಂದರು. ನಾನು? ಆ ಚಪ್ಪಲಿ ಯಾರದೆಂದು ತಿಳಿಯಲು ನನಗೂ ಜೀವ ಹೋಗುತ್ತಿತ್ತು. ನನ್ನ ಸಂಕಟ ಅದೇ.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಮುಂದಿನ ಸೀಟಿನಿಂದ ತಿರುಗಿ, “ನೀವು ಎಂಥ ಸರ್ ಮಾರಾಯ್ರೆ, ಕಥೆಯೇ ಹೇಳ್ಲಿಲ್ಲ! ನಾನು ಕೇಳ್ಲಿಕ್ಕೆ ಅಂತ ಕಾಯ್ತಾ ಇದ್ದೆ” ಎಂದಳು.

“ಇನ್ನೊಮ್ಮೆ ಹೇಳುವ” ಎಂದೆ. ಗೇಲಿ ಮಾಡಿದ್ದರೆ ಸಹಿಸುತ್ತಿದ್ದೆ. ಅವಳು ನಿಜವಾಗಿಯೂ ಬೇಸರಪಟ್ಟುಕೊಂಡಿದ್ದಳು. ಮರುದಿನ ತನ್ನ ಹಸ್ತಪ್ರತಿಯನ್ನೂ ಓದಲು ಕೊಟ್ಟಳು. ತಪ್ಪು ಹುಡುಕುವುದಕ್ಕೆಂದೇ ಓದಿದೆ. ಕೆಟ್ಟದಾಗಿದ್ದರೆ ನೆಮ್ಮದಿಯಿಂದ ನಿದ್ದೆ ಮಾಡಬಹುದಿತ್ತು. ಚೆನ್ನಾಗಿದೆ ಅಧ್ಯಕ್ಷರೇ. ನನ್ನ ಗ್ರಹಚಾರಕ್ಕೆ ಬಹಳ ಚೆನ್ನಾಗಿದೆ.

ಈಗ ಗಾಯದ ಮೇಲೆ ಬರೆ ಎಳೆದ ಹಾಗೆ ತಮ್ಮ ಹೊಸ ಆಮಂತ್ರಣ ಬಂದಿದೆ. ಬಂಟ್ವಾಳದಲ್ಲಿ ಅವಳ ಪುಸ್ತಕ ಬಿಡುಗಡೆ, ಆ ಏಜೆಂಟರೂ ಬರುತ್ತಾರಂತೆ. ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ನಿರೂಪಣೆಗೆ ನನ್ನ ಹೆಸರು. ಒಪ್ಪಿದ್ದೇನೆ. ಒಲ್ಲೆನೆಂದರೆ ಯಾಕೆಂದು ಊರಿಗೆಲ್ಲ ಗೊತ್ತಾಗುತ್ತದಲ್ಲ! ಅಂದು ಅವಳನ್ನು ಚೆನ್ನಾಗಿಯೇ ಪರಿಚಯಿಸುತ್ತೇನೆ, ಒಂದು ಮಾತೂ ಕಡಿಮೆ ಮಾಡುವುದಿಲ್ಲ. ಆದರೆ ಅದಕ್ಕೆ ಮೊದಲು, ಗಣ್ಯರೆಲ್ಲ ಕೆಳಗೆ ಕೂತಿರುವಾಗಲೇ, ಆ ಏಜೆಂಟರ ಎದುರು ನನ್ನ ಐದು ನಿಮಿಷ ನನಗೆ ಮರಳಿ ಸಿಗಬೇಕು. ತಮ್ಮ ಮೇಲೆ ನನಗೆ ಭರವಸೆ ಕಡಿಮೆ. ಆದ್ದರಿಂದ ಇಲ್ಲೇ ತೊಡಗುತ್ತೇನೆ.

ಒಂದೇ ಜಗಲಿಯಲ್ಲಿ ಕೂತು ಬೀಡಿ ಕಟ್ಟುವ ಅಕ್ಕ ತಂಗಿಗೆ ಎಷ್ಟೋ ವರ್ಷಗಳಿಂದ ಮಾತಿಲ್ಲ. ಎಲೆ ಕತ್ತರಿಸಲು ಇಬ್ಬರಿಗೂ ಇರುವುದು ಒಂದೇ ಕತ್ತರಿ. ಒಬ್ಬಳು ನೆಲಕ್ಕಿಟ್ಟ ಮೇಲೆಯೇ ಇನ್ನೊಬ್ಬಳು ಎತ್ತಿಕೊಳ್ಳುವುದು. ಒಂದು ದಿನ ತಂಗಿ ಅದನ್ನು ನೆಲಕ್ಕಿಡಲಿಲ್ಲ. ಅಕ್ಕನ ಕಡೆಗೆ ಕೈ ಚಾಚಿದಳು.

ಮುಂದೇನಾಯಿತು ಎಂದು ತಾವು ನನ್ನನ್ನು ಕೇಳಬೇಕು. ನನ್ನ ಬೇಡಿಕೆ ಇಷ್ಟೇ.

ಇಂತಿ,
ಎಲ್ಲರನ್ನೂ ಪರಿಚಯಿಸಿ ತಾನೊಬ್ಬನೇ ಉಳಿದುಹೋದ
ವೆಂಕಟೇಶ್ವರ, ಸಿದ್ಧಕಟ್ಟೆ